ವಾರಕ್ಕೊಂದು ಸಂಸಾರ ಹೂಡುವ ಮನೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಒಕ್ಕಲು ಬದಲಾಗುತ್ತದೆ. ಶುಕ್ರವಾರ ಇಲ್ಲವೇ ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಕುಟುಂಬ ಗಂಟುಮೂಟೆ ಕಟ್ಟಿ ಹೊರಡುತ್ತದೆ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಇನ್ನೊಂದು ಕುಟುಂಬ ಬಂದಿಳಿಯುತ್ತದೆ. ನಡುವಿನ ಐದಾರು ಗಂಟೆಗಳಲ್ಲಿ ಯಾರೋ ಬಂದು ಹಾಸಿಗೆಯ ಹೊದಿಕೆ ಬದಲಿಸಿ, ನೆಲ ಒರೆಸಿ, ಅಡುಗೆಮನೆ ತೊಳೆದಿಟ್ಟು ಹೋಗಿರುತ್ತಾರೆ. ಹೊಸಬರನ್ನು ಎದುರುಗೊಳ್ಳಲು ಬಾಗಿಲಲ್ಲಿ ಯಾರೂ ಇರುವುದಿಲ್ಲ. ಗೋಡೆಗೆ ಬಿಗಿದ ಪುಟ್ಟ ಪೆಟ್ಟಿಗೆಯ ಮೇಲೆ ಮೊದಲೇ ತಿಳಿಸಿದ ಅಂಕಿಗಳನ್ನು ಕೂಡಿಸಿದರೆ ಬೀಗದಕೈ ಸಿಗುತ್ತದೆ. ಮುಂದಿನ ಏಳು ದಿನ ಮನೆ ಅವರದೇ, ಮನೆಗೆಲಸವೂ ಅವರದೇ.

ಇದೇ ‘ಸೆಲ್ಫ್ ಕೇಟರಿಂಗ್ ಕಾಟೇಜ್’, ಅಂದರೆ ನಮ್ಮ ಅಡುಗೆ ನಾವೇ ಮಾಡಿಕೊಂಡು ಇರುವ ಬಾಡಿಗೆ ಮನೆ. ಒಲೆ, ಫ್ರಿಜ್ಜು, ಪಾತ್ರೆ, ತಟ್ಟೆ, ಲೋಟ ಎಲ್ಲವೂ ಅಲ್ಲಿರುತ್ತವೆ. ದಿನಸಿ ಮಾತ್ರ ನಾವು ಒಯ್ಯಬೇಕು. ಅಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ತಂದೆತಾಯಿಗೂ ಇದು ಅನುಕೂಲವೇ; ಅನ್ನ, ಸಾರು ಮಾಡಿಕೊಂಡು ನೆಮ್ಮದಿಯಾಗಿ ಇರಬಹುದು. ಆದರೆ ಅಕ್ಕಿ, ಬೇಳೆ, ಸಾಸಿವೆಯನ್ನು ನಗರದಲ್ಲೇ ಕೊಂಡು ಹೋಗುವುದು ಜಾಣತನ. ಹಳ್ಳಿಯಲ್ಲಿ ಅಂಗಡಿ ಇದ್ದರೆ ಹಾಲು, ಬ್ರೆಡ್ಡು, ಮೊಟ್ಟೆ ಸಿಕ್ಕೀತು. ಎಷ್ಟೋ ಹಳ್ಳಿಗಳಲ್ಲಿ ಅಂಗಡಿಯೇ ಇಲ್ಲ, ಭಾನುವಾರ ಬಸ್ಸೂ ಇಲ್ಲ.

ಮೇಜಿನ ಮೇಲಿನ ಕಡತ

ಮನೆಯೊಳಗೆ ಮೊದಲು ಓದಬೇಕಾದದ್ದು ಮೇಜಿನ ಮೇಲಿಟ್ಟ ಕಡತ. ನೀರು ಕಾಯಿಸುವುದು ಹೇಗೆ, ಯಾವ ಕಸ ಯಾವ ಡಬ್ಬಿಗೆ, ಕಟ್ಟಿಗೆ ಒಲೆ ಹೊತ್ತಿಸುವ ಬಗೆ ಏನು, ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿರುತ್ತಾರೆ. ಒಂಟಿ ಮನೆಗಳಿಗೆ ಊರ ಒಳಚರಂಡಿ ಇರುವುದಿಲ್ಲ. ಹಿತ್ತಲ ನೆಲದಡಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಹಾಗಾಗಿ ಶೌಚಾಲಯದೊಳಗೆ ಸಿಕ್ಕಿದ್ದನ್ನೆಲ್ಲ ಹಾಕುವಂತಿಲ್ಲ. ಹೊಲಗಳ ನಡುವೆ ಸಾರ್ವಜನಿಕರು ನಡೆದಾಡುವ ಕಾಲುದಾರಿಗಳಿವೆ. ದಾರಿಯಲ್ಲಿ ಸಿಗುವ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ರೈತನ ಕುರಿ ದನಗಳಿಗೆ ಯಾವ ಹೊಲ, ಎಲ್ಲಿ ನೀರು ಎಂಬ ಲೆಕ್ಕ ಅದರಲ್ಲಿದೆ.

ಬಡವರ ಗುಡಿಸಲು

ಇಂದು ದುಬಾರಿ ಬಾಡಿಗೆ ತರುವ ಕಾಟೇಜ್ ಹಿಂದೆ ಬಡ ಕೂಲಿಕಾರನ ಬಿಡಾರ. ಅದರ ತಗ್ಗಿದ ಬಾಗಿಲು, ಪುಟ್ಟ ಕಿಟಕಿ ಯಾವುದೂ ಅಂದಕ್ಕಾಗಿ ಮಾಡಿದ್ದಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿ, ಚಳಿಯಿಂದ ಪಾರಾಗಲು ಮಾಡಿಕೊಂಡ ಉಪಾಯ. ಕಾಟ್ಸ್‌ವೋಲ್ಡ್ಸ್ ಸೀಮೆಯಲ್ಲಿ ಜೇನುಬಣ್ಣದ ಸುಣ್ಣಕಲ್ಲು, ಡೆವನ್‌ನಲ್ಲಿ ಹುಲ್ಲು ಬೆರೆಸಿ ತುಳಿದ ಮಣ್ಣಿನ ದಪ್ಪ ಗೋಡೆ, ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಸ್ಲೇಟುಕಲ್ಲು. ಪಠ್ಯಪುಸ್ತಕಗಳಿಂದ ನಮಗೆ ಪರಿಚಿತನಾದ ಕವಿ ವರ್ಡ್ಸ್‌ವರ್ತ್ 1799ರಿಂದ 1808ರವರೆಗೆ ಬಾಳಿದ್ದು ಅಲ್ಲಿನ ಗ್ರಾಸ್‌ಮಿಯರ್‌ನ ಇಂಥದೊಂದು ಸಣ್ಣ ಮನೆಯಲ್ಲೇ. ಅದಕ್ಕೆ ಈಗ ಡವ್ ಕಾಟೇಜ್ ಎಂದು ಹೆಸರು.

ಬೈಬರಿ ಹಳ್ಳಿಯ ಆರ್ಲಿಂಗ್ಟನ್ ರೋ ಎಂಬ ಸಾಲುಮನೆ ಹದಿನಾಲ್ಕನೆಯ ಶತಮಾನದಲ್ಲಿ ಉಣ್ಣೆಯ ಉಗ್ರಾಣ. ಹದಿನೇಳನೆಯ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಈಗ 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್‌ನ ವಶದಲ್ಲಿದೆ. ಸಾಲಿನ ಒಂದು ಮನೆ ಪ್ರವಾಸಿಗರಿಗೆ, ಉಳಿದವು ಕಾಯಂ ವಾಸಕ್ಕೆ.

ಇಪ್ಪತ್ತನೆಯ ಶತಮಾನದಲ್ಲಿ ಹೊಲಕ್ಕೆ ಯಂತ್ರ ಬಂತು, ಕೂಲಿಯಾಳು ಬೇಡವಾದರು, ಮನೆಗಳು ಖಾಲಿಯಾದವು. ಎಷ್ಟೋ ಮನೆಗಳು ಹಾಗೆಯೇ ಬಿದ್ದುಹೋಗುತ್ತಿದ್ದವು. 1965ರಲ್ಲಿ ಜಾನ್ ಸ್ಮಿತ್ ಮತ್ತು ಅವರ ಪತ್ನಿ ಕ್ರಿಶ್ಚಿಯನ್ ಸ್ಥಾಪಿಸಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಹಾಳಾಗುತ್ತಿರುವ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ, ರಜೆಗೆ ಬಾಡಿಗೆ ಕೊಟ್ಟು, ಆ ಹಣದಿಂದಲೇ ಕಾಪಾಡುವ ದಾರಿ ತೋರಿಸಿತು. ವಾರದ ಬಾಡಿಗೆಯಿಂದ ಛಾವಣಿಯ ಹುಲ್ಲು ಹೊದೆಸುವವನಿಗೆ, ನಲ್ಲಿ ರಿಪೇರಿಯವನಿಗೆ, ಮನೆ ಒರೆಸುವವಳಿಗೆ ಕೆಲಸ ಸಿಗುತ್ತದೆ.

ಶಾಲೆಗೆ ಮಕ್ಕಳು ಬೇಕು

ಆದರೆ ಗೋಡೆ ಉಳಿದ ಮಾತ್ರಕ್ಕೆ ಊರು ಉಳಿಯುವುದಿಲ್ಲ. ಸಮುದ್ರತೀರ ಮತ್ತು ಬೆಟ್ಟಸೀಮೆಯ ಹಳ್ಳಿಗಳಲ್ಲಿ ನಗರದ ಹಣವಂತರು ಮನೆ ಕೊಂಡಂತೆಲ್ಲ ಬೆಲೆ ಏರಿತು. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಮದುವೆಯಾಗಿ ಮನೆ ಹೂಡಬೇಕೆಂದರೆ ಪಕ್ಕದ ಪಟ್ಟಣಕ್ಕೆ ಹೋಗುವಂತಾಯಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ಶಾಲೆಗೆ ಸಿಗುವ ಹಣ ಬಹುಮಟ್ಟಿಗೆ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ವಾರದ ಅತಿಥಿಗಳ ಮಕ್ಕಳು ಆ ಊರ ಶಾಲೆಗೆ ಸೇರುವುದಿಲ್ಲ. ಚಳಿಗಾಲದ ಸಂಜೆ ಅರ್ಧ ಬೀದಿಯ ಕಿಟಕಿಗಳಲ್ಲಿ ದೀಪ ಕಾಣದಿದ್ದರೆ ಅಂಗಡಿಯವನು ಎಷ್ಟು ದಿನ ಬಾಗಿಲು ತೆರೆದಾನು?

ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಪಟ್ಟಣದಲ್ಲಿ 2016ರಲ್ಲಿ ಜನಮತ ನಡೆದಾಗ, ಹೊಸದಾಗಿ ಕಟ್ಟುವ ಮನೆ ಅಲ್ಲೇ ಕಾಯಂ ವಾಸಿಸುವವರಿಗೆ ಮಾತ್ರ ಎಂಬ ನಿಯಮಕ್ಕೆ ಮತ ಹಾಕಿದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟರು. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗೆ ಎರಡನೆಯ ಮನೆ ಇಟ್ಟುಕೊಂಡವರ ಮೇಲೆ ಇಮ್ಮಡಿ ಮನೆತೆರಿಗೆ ಹಾಕುವ ಅಧಿಕಾರ ಸಿಕ್ಕಿದೆ. ರಜೆ ಮನೆಗಳ ಬಾಡಿಗೆ ಆದಾಯಕ್ಕಿದ್ದ ವಿಶೇಷ ತೆರಿಗೆ ರಿಯಾಯಿತಿಯೂ ಅದೇ ತಿಂಗಳು ಕೊನೆಗೊಂಡಿತು.

ಹಾಗೆಂದು ಅತಿಥಿಯೇ ಅಪರಾಧಿಯಲ್ಲ. ಹಳ್ಳಿಯ ಮನೆಯಲ್ಲಿ ಒಂದು ವಾರ ಕಳೆಯುವ ವಿದ್ಯಾರ್ಥಿ ಹೋಟೆಲಿನಲ್ಲಿ ಕಲಿಯದ್ದನ್ನು ಕಲಿಯುತ್ತಾನೆ: ತಟ್ಟೆ ತೊಳೆಯುವುದು, ಕಟ್ಟಿಗೆ ತರುವುದು, ಹೊರಡುವ ಮುನ್ನ ಮನೆಯನ್ನು ಬಂದಾಗ ಇದ್ದಂತೆಯೇ ಬಿಡುವುದು. ಇದರ ಜೊತೆಗೆ ಹಾಲು ಬ್ರೆಡ್ಡನ್ನು ಆ ಊರ ಅಂಗಡಿಯಲ್ಲೇ ಕೊಂಡು, ಅಲ್ಲಿರುವವರ ಬಳಿ ಎರಡು ಮಾತಾಡಿ, ಶಾಲೆ ಎಲ್ಲಿದೆ, ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿದರೆ ಊರಿನ ಸ್ಥಿತಿ ಸುಮಾರಾಗಿ ತಿಳಿದುಹೋಗುತ್ತದೆ.