ಶರತ್ಕಾಲವೂ ಊರಿನ ಋಣವೂ

ಭಾದ್ರಪದ ಬಹುಳದ ಪಿತೃಪಕ್ಷವು ಕಳೆದು ಮಹಾಲಯ ಅಮಾವಾಸ್ಯೆಯ ತರ್ಪಣವು ಮುಗಿಯಿತೆಂದರೆ ವರ್ಷಋತುವಿನ ಲೆಕ್ಕವೂ ಮುಗಿದಂತಾಯಿತು. ಮರುದಿನ ಬೆಳಗಾದರೆ ಆಶ್ವಯುಜ ಶುದ್ಧ ಪಾಡ್ಯ, ನವರಾತ್ರಿಯ ಮೊದಲ ದಿನ, ಶರದೃತುವಿನ ಹೆಬ್ಬಾಗಿಲು. ತೀರಿಹೋದ ಹಿರಿಯರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆಯೇ ಹಬ್ಬದ ಮನೆಗೆ ಕಾಲಿಡಬೇಕೆಂಬ ಈ ಕ್ರಮದಲ್ಲಿ ಒಂದು ಅರ್ಥವಿದೆ. ಋಣವನ್ನು ತೀರಿಸಿದವನಿಗೆ ಮಾತ್ರ ಉತ್ಸವದ ಅಧಿಕಾರವುಂಟು ಎಂಬುದೇ ಆ ಅರ್ಥ. ಶರತ್ಕಾಲದ ಹಬ್ಬಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಈ ಒಂದು ಮಾತೇ ನಾನಾ ವೇಷಗಳಲ್ಲಿ ನಮ್ಮೆದುರು ಬಂದು ನಿಲ್ಲುತ್ತದೆ. ನಮ್ಮ ಸಣ್ಣ ಊರುಗಳ ಬಾಳು ಯಾವುದರಿಂದ ಹಸನಾಗಿತ್ತು, ಇಂದು ಯಾವುದರಿಂದ ಸೊರಗುತ್ತಿದೆ ಎಂಬುದನ್ನು ತಿಳಿಯಲು ಈ ಋತುವಿಗಿಂತ ಒಳ್ಳೆಯ ಗುರುವು ಬೇರೆ ಇಲ್ಲ.

ಸಂಸ್ಕೃತ ಕವಿಗಳ ಶರತ್ತು ನಿರ್ಮಲವಾದದ್ದು. ಕಾಳಿದಾಸನು 'ಋತುಸಂಹಾರ'ದಲ್ಲಿ ಗ್ರೀಷ್ಮ ವರ್ಷಗಳಾದ ಮೇಲೆ ಮೂರನೆಯದಾಗಿ ಶರತ್ತನ್ನು ವರ್ಣಿಸಿದ್ದಾನೆ. 'ರಘುವಂಶ'ದ ನಾಲ್ಕನೆಯ ಸರ್ಗದಲ್ಲಿ ರಘುವು ದಿಗ್ವಿಜಯಕ್ಕೆ ಹೊರಡುವುದೂ ಈ ಕಾಲದಲ್ಲಿಯೇ. ಅಗಸ್ತ್ಯ ನಕ್ಷತ್ರವು ಉದಯಿಸಿದರೆ ನೀರು ತಿಳಿಯಾಗುವುದೆಂಬುದು ಕವಿಸಮಯ. ಆದರೆ ನಮ್ಮ ತುಮಕೂರು, ಕೋಲಾರ, ಚಿತ್ರದುರ್ಗ ಸೀಮೆಗಳ ಶರತ್ತು ಉಜ್ಜಯಿನಿಯ ಶರತ್ತಲ್ಲ. ಈ ಬಯಲುಸೀಮೆಗೆ ಹೆಚ್ಚಾದ ಮಳೆ ಬೀಳುವುದು ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ. ಹಸ್ತೆ, ಚಿತ್ತೆ, ಸ್ವಾತಿಗಳೆಂದು ನಮ್ಮ ರೈತನು ಹೆಸರಿಟ್ಟು ಕರೆಯುವ ಮಳೆಗಳು ನವರಾತ್ರಿಯ ಆಸುಪಾಸಿನಲ್ಲಿಯೇ ಬರತಕ್ಕವು. ಹಗಲಲ್ಲಿ ತೊಳೆದಿಟ್ಟಂತಹ ಆಕಾಶ, ಸಂಜೆಗೆ ಗುಡುಗು, ರಾತ್ರಿ ಧಾರಾಕಾರ ಮಳೆ, ಬೆಳಗ್ಗೆ ಅಂಗಳದ ತುಂಬ ಪಾರಿಜಾತ. ಊರಾಚೆಗೆ ಹೋದರೆ ತೆನೆಗಟ್ಟುತ್ತಿರುವ ರಾಗಿ, ಅದರ ನಡುವೆ ಸಾಲು ಹಿಡಿದು ಹಳದಿಯಾಗಿ ಅರಳಿದ ಹುಚ್ಚೆಳ್ಳು. ಇದು ನಮ್ಮ ಶರತ್ಕಾಲ.

ಈ ಮಳೆಗಳಿಂದ ತುಂಬತಕ್ಕದ್ದು ಊರ ಕೆರೆ. ಕೆರೆಯು ಕೋಡಿ ಬಿದ್ದಿತೆಂಬ ಸುದ್ದಿ ಬಂದರೆ, ನಮ್ಮ ಬಾಲ್ಯದಲ್ಲಿ, ಅಂದರೆ ಸುಮಾರು ಅರ್ಧ ಶತಮಾನದ ಹಿಂದೆ, ಊರಿನಲ್ಲಿ ಒಬ್ಬರೂ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂಗಡಿಯವರು ಹಲಗೆ ಹಾಕಿ ಬರುವರು. ಕಚೇರಿಯ ಗುಮಾಸ್ತರು ಕೊಡೆ ಹಿಡಿದು ಬರುವರು. ಮುತ್ತೈದೆಯರು ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ರವಿಕೆಯ ಕಣಗಳನ್ನಿಟ್ಟು ಗಂಗಮ್ಮನಿಗೆ ಬಾಗಿನವನ್ನು ಬಿಡುವರು. ನೀರುಗಂಟಿಯು ಅಂದು ಅಮಲ್ದಾರರಿಗಿಂತಲೂ ದೊಡ್ಡ ಮನುಷ್ಯನಾಗಿ ಏರಿಯ ಮೇಲೆ ನಿಂತಿರುತ್ತಿದ್ದನು. ಕೆರೆಯಿಂದ ಪಡೆದವರು ಕೆರೆಗೆ ಕೊಡಬೇಕೆಂಬ ಈ ಭಾವನೆಯು ಇಂದು ನಿನ್ನೆಯದಲ್ಲ. ಕೆರೆಯನ್ನು ಕಾಪಾಡುವುದಕ್ಕಾಗಿ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕೆರೆಗೊಡಗೆ ಎಂಬ ಹೆಸರುಗಳು ನಮ್ಮ ಹಳೆಯ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ರೈಸ್ ಸಾಹೇಬರು ಪ್ರಕಟಪಡಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು ತೆರೆದವರೆಲ್ಲರೂ ಇದನ್ನು ಬಲ್ಲರು. ಕೆರೆಯನ್ನು ಕಟ್ಟಿಸುವುದು ಪುಣ್ಯ. ಕಟ್ಟಿದ ಕೆರೆಯ ಹೂಳನ್ನು ವರ್ಷ ವರ್ಷವೂ ತೆಗೆಯಿಸುವುದು ಕರ್ತವ್ಯ. ಪುಣ್ಯಕ್ಕೆ ಒಬ್ಬ ಅರಸ ಸಾಕು. ಕರ್ತವ್ಯಕ್ಕೆ ಇಡೀ ಊರು ಬೇಕು.

ಕೆರೆಯ ಋಣವು ಹೀಗಾದರೆ, ವಿದ್ಯೆಯ ಋಣವು ತೀರುತ್ತಿದ್ದುದೂ ಮಹಾನವಮಿಯಲ್ಲಿಯೇ. ನಮ್ಮ ಅಜ್ಜಂದಿರ ಕಾಲದಲ್ಲಿ ಊರೂರಲ್ಲಿಯೂ ಕೂಲಿಮಠಗಳಿದ್ದವು. ಮಕ್ಕಳು ಮರಳಿನ ಮೇಲೆ ಅಕ್ಷರಗಳನ್ನು ತಿದ್ದಿ, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಿ, ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದರು. ಐಗಳಿಗೆ ಸರಕಾರದ ಸಂಬಳವಿಲ್ಲ. ಧಾನ್ಯವೋ ಕಾಸೋ, ಮನೆಯವರು ಕೊಟ್ಟಷ್ಟು. ಅವರ ವರ್ಷದ ಆದಾಯದಲ್ಲಿ ಒಂದು ಭಾಗವು ಬರುತ್ತಿದ್ದುದು ನವರಾತ್ರಿಯಲ್ಲಿ. ಹುಡುಗರು ಹೊಸ ಬಟ್ಟೆಯುಟ್ಟು, ಬಣ್ಣದ ಕೋಲುಗಳನ್ನು ಹಿಡಿದು, ಮಹಾನವಮಿಯ ಚೌಪದಗಳನ್ನು ಹಾಡುತ್ತ ಮನೆಮನೆಗೂ ಹೋಗುವರು. ಮನೆಯ ಯಜಮಾನನು ಐಗಳಿಗೆ ದಕ್ಷಿಣೆಯನ್ನೂ ಹುಡುಗರಿಗೆ ಕಡಲೆ ಬೆಲ್ಲಗಳನ್ನೂ ಕೊಡುವನು. ಇದನ್ನು ಭಿಕ್ಷೆಯೆಂದು ಯಾರೂ ಎಣಿಸಲಿಲ್ಲ. ಮಕ್ಕಳ ಬಾಯಿಂದ ಹಾಡನ್ನು ಕೇಳಿ, ಅವರು ಕಲಿತದ್ದೆಷ್ಟೆಂಬುದನ್ನು ತಾವೇ ಪರೀಕ್ಷಿಸಿ, ಕಲಿಸಿದವರಿಗೆ ಸಲ್ಲಬೇಕಾದುದನ್ನು ಊರಿನವರು ಕೈಯಾರೆ ಸಲ್ಲಿಸುತ್ತಿದ್ದರು. ಇಂದಿನ ತನಿಖಾಧಿಕಾರಿಯ ವರದಿಗಿಂತ ಇದು ಕಡಿಮೆಯ ಪರೀಕ್ಷೆಯೇನೂ ಆಗಿರಲಿಲ್ಲ.

ನಮ್ಮ ತಲೆಮಾರಿನವರು ಕೂಲಿಮಠವನ್ನು ಕಾಣಲಿಲ್ಲ. ನಾವು ಕಂಡದ್ದು ಬೊಂಬೆಗಳ ನವರಾತ್ರಿ. ಪಟ್ಟದ ಗೊಂಬೆಗಳನ್ನು ಮೇಲಿಟ್ಟು, ಕೆಳಗಿನ ಮೆಟ್ಟಲುಗಳಲ್ಲಿ ಶೆಟ್ಟರ ಅಂಗಡಿ, ಮದುವೆಯ ದಿಬ್ಬಣ, ಮಣ್ಣಿನ ಆನೆ ಕುದುರೆಗಳನ್ನು ಜೋಡಿಸಿದ ಮನೆಗಳ ಪಟ್ಟಿಯು ಬೀದಿಯ ಮಕ್ಕಳೆಲ್ಲರ ಬಾಯಲ್ಲಿಯೂ ಇರುತ್ತಿತ್ತು. "ಗೊಂಬೆ ಕೂರಿಸಿದ್ದೀರಾ?" ಎಂದು ಬಾಗಿಲಲ್ಲಿ ನಿಂತು ಕೂಗಿದರೆ ಸಾಕು, ಯಾರ ಮನೆಯ ಮಗುವೆಂದು ಕೇಳದೆ ಒಳಕ್ಕೆ ಕರೆದು ಗೊಂಬೆ ಬಾಗಿನವನ್ನು ಕೊಡುವರು. ಯಾವ ಮನೆಯಲ್ಲಿ ಕೋಡುಬಳೆ, ಯಾವ ಮನೆಯಲ್ಲಿ ಬರಿಯ ಪುರಿ ಎಂಬ ವಿಷಯದಲ್ಲಿ ನಮ್ಮ ಜ್ಞಾನವು ಅಮೋಘವಾಗಿತ್ತು. ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನೆಲ್ಲ ಸರಸ್ವತಿಯ ಮುಂದಿಟ್ಟ ಮೇಲೆ, ವಿಜಯದಶಮಿಯವರೆಗೆ ಓದಿದರೆ ದೇವಿಯು ಮುನಿಯುವಳೆಂದು ಹಿರಿಯರು ಹೇಳುತ್ತಿದ್ದರು. ಶಾಸ್ತ್ರವಾಕ್ಯಗಳಲ್ಲಿ ಇದೊಂದನ್ನು ನಾವು ಎಂದೂ ಮೀರಿದವರಲ್ಲ.

ಒಂಬತ್ತನೆಯ ದಿನ ಆಯುಧಪೂಜೆ. ಅರಸನ ಖಡ್ಗಕ್ಕೂ ಅಕ್ಕಸಾಲಿಗನ ಚಿಮಟಕ್ಕೂ ಅಂದು ಒಂದೇ ಕುಂಕುಮ. ಬಡಗಿಯ ಉಳಿ, ನೇಕಾರನ ಲಾಳಿ, ದರ್ಜಿಯ ಕತ್ತರಿ, ಜಟಕಾ ಗಾಡಿಯ ಗಾಲಿ ಎಲ್ಲಕ್ಕೂ ಹೂವು. ಊರಿನ ಮುದ್ರಣಾಲಯದಲ್ಲಿ ಸೀಸದ ಮೊಳೆಗಳನ್ನು ತುಂಬಿದ ಮರದ ಕೇಸುಗಳಿಗೆ ಗಂಧ ಹಚ್ಚಿ, ಯಂತ್ರಕ್ಕೆ ಬಾಳೆಕಂದು ಕಟ್ಟಿ, ಮೊಳೆ ಜೋಡಿಸುವ ವೃದ್ಧರನ್ನು ಮಣೆಯ ಮೇಲೆ ಕೂರಿಸಿ ಮಾಲೀಕನು ವಸ್ತ್ರವನ್ನು ಕೊಡುತ್ತಿದ್ದುದನ್ನು ನಾವು ಕಂಡಿದ್ದೇವೆ. ಸೀಸದ ಮೊಳೆಗಳು ಇಂದು ಇಲ್ಲ. ಆದರೂ ಆಯುಧಪೂಜೆಗೆ ಪತ್ರಿಕಾಲಯಗಳು ರಜೆಯನ್ನು ಆಚರಿಸಿ, ಮರುದಿನ ಪತ್ರಿಕೆಯನ್ನು ಹೊರಡಿಸದಿರುವ ವಾಡಿಕೆ ಉಳಿದುಬಂದಿದೆ. ಅನ್ನ ಕೊಡುವ ಸಾಧನಕ್ಕೆ ವರ್ಷಕ್ಕೊಂದು ದಿನ ಕೈಮುಗಿಯುವವನು ಕೆಲಸವನ್ನು ಕೀಳೆಂದು ಎಣಿಸಲಾರನು.

ತುಂಗಭದ್ರೆಯಾಚೆಯ ನಮ್ಮ ಬಂಧುಗಳಲ್ಲಿ ವಿಜಯದಶಮಿಯ ಸೊಬಗೇ ಬೇರೆ. ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ಕಿರಿಯರು ಹಿರಿಯರ ಕಾಲಿಗೆರಗುವರು; ವರ್ಷವೆಲ್ಲ ಮಾತು ಬಿಟ್ಟವರೂ ಅಂದು ಬನ್ನಿಯನ್ನು ಕೊಟ್ಟು ಮಾತನಾಡುವರು. ಅದಾದ ಐದನೆಯ ದಿನ ಸೀಗೆ ಹುಣ್ಣಿಮೆ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಭೂಮಿತಾಯಿಗೆ ಚರಗ ಚೆಲ್ಲುವರು. ಮಲೆನಾಡಿನಲ್ಲಿ ಇದೇ ಭೂಮಿ ಹುಣ್ಣಿಮೆ. ಶಿವಮೊಗ್ಗ ಸೀಮೆಯ ದೀವರ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆದು, ಬೆಳೆಹೊತ್ತ ಗದ್ದೆಯನ್ನು ಗರ್ಭಿಣಿಯೆಂದು ಭಾವಿಸಿ ಬಯಕೆಯ ಊಟವನ್ನು ಹೊತ್ತು ಹೋಗುವರು.

ಹಿರಿಯರ ಋಣ, ನೀರಿನ ಋಣ, ಗುರುವಿನ ಋಣ, ಸಾಧನದ ಋಣ, ನೆರೆಯವನ ಋಣ, ನೆಲದ ಋಣ. ಒಂದು ತಿಂಗಳೊಳಗೆ ಇಷ್ಟು ಲೆಕ್ಕಗಳನ್ನು ಚುಕ್ತಾ ಮಾಡಿಕೊಂಡು ಊರು ಕಾರ್ತಿಕದ ದೀಪವನ್ನು ಹಚ್ಚುತ್ತಿತ್ತು. ಇದರಲ್ಲಿ ಒಂದೂ ಕಾಗದದ ಮೇಲಿನ ಲೆಕ್ಕವಲ್ಲ. ಕೊಡುವವನ ಕೈ, ಕೊಳ್ಳುವವನ ಮುಖ ಎರಡೂ ಎಲ್ಲರ ಕಣ್ಣಿಗೆ ಬೀಳತಕ್ಕವು.

ಹಳೆಯದೆಲ್ಲವೂ ಹೊನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಕೂಲಿಮಠದಲ್ಲಿ ಹುಡುಗರನ್ನು ಕೋದಂಡಕ್ಕೆ ತೂಗುಹಾಕುತ್ತಿದ್ದುದೂ ಉಂಟು. ಅಲ್ಲಿಗೆ ಹೆಣ್ಣುಮಕ್ಕಳು ಬರುತ್ತಿದ್ದುದು ಅಪರೂಪ. ಕೆಲವು ಕೇರಿಗಳ ಮಕ್ಕಳಿಗೆ ಅದರ ಜಗುಲಿಯೂ ದೊರೆಯಲಿಲ್ಲ. ಯಾರ ಮನೆಯ ಮಗುವೆಂದು ಕೇಳದೆ ಗೊಂಬೆ ಬಾಗಿನವನ್ನು ಕೊಟ್ಟರೆಂದು ಬರೆದೆವಷ್ಟೆ. ಕೇಳುವ ಅವಶ್ಯಕತೆಯೇ ಇಲ್ಲದಂತೆ, ಕೆಲವು ಮಕ್ಕಳು ಆ ಬೀದಿಗೆ ಬರುತ್ತಲೇ ಇರಲಿಲ್ಲ. ಕೆರೆಯ ಹೂಳನ್ನು ಹೊತ್ತವರಿಗೆ ಕೆರೆಯ ಸೋಪಾನದಲ್ಲಿ ಸ್ಥಳವಿರಲಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿದ್ದು ಈ ಊರುಗಳು ತೀರಿಸದೆ ಉಳಿಸಿಕೊಂಡಿದ್ದ ಅತಿ ದೊಡ್ಡ ಸಾಲವನ್ನು ತೀರಿಸುವ ಆರಂಭವಾಗಿತ್ತು. ಆದಕಾರಣ ಹಿಂದಕ್ಕೆ ಹೋಗೋಣವೆಂಬುದು ನಮ್ಮ ವಾದವಲ್ಲ. ಋಣದ ಆ ಭಾವನೆಯನ್ನು ಎಲ್ಲ ಕೇರಿಗಳಿಗೂ ವಿಸ್ತರಿಸಿ ಮುಂದಕ್ಕೆ ಒಯ್ಯಬೇಕೆಂಬುದೇ ನಮ್ಮ ಮಾತು.

ಆದದ್ದೇನು? ಉಪಾಧ್ಯಾಯರ ವೇತನವು ಖಜಾನೆಯಿಂದ ಬರತೊಡಗಿತು, ಅದು ನ್ಯಾಯವೇ. ೨೦೦೯ರ ಶಾಸನವು ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವಿಗೂ ಶಿಕ್ಷಣದ ಹಕ್ಕನ್ನು ಕೊಟ್ಟಿತು, ಅದು ಮಹೋಪಕಾರವೇ. ಆದರೆ ಸಂಬಳವು ಖಜಾನೆಯಿಂದ ಬಂದಿತೆಂದು ಗುರುವಿನ ಋಣವೂ ಖಜಾನೆಯದೇ ಆಯಿತೆಂದು ಊರಿನವರು ಬಗೆದರು. ಶಾಲೆಯ ಹೆಂಚು ಒಡೆದರೆ ಇಲಾಖೆಗೆ ಅರ್ಜಿ. ಕೆರೆಯ ಏರಿ ಕುಸಿದರೆ ಇನ್ನೊಂದು ಇಲಾಖೆಗೆ ಅರ್ಜಿ. ಕೆರೆಗಳ ಸಂರಕ್ಷಣೆಗೆಂದೇ ೨೦೧೪ರಲ್ಲಿ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಶಾಸನವಾಯಿತು. ಶಾಸನವು ಒತ್ತುವರಿದಾರನನ್ನು ದಂಡಿಸಬಲ್ಲದು. ಕೆರೆಗೆ ಕಸವನ್ನು ಸುರಿಯುವ ಕೈಯನ್ನು ನಡುರಾತ್ರಿಯಲ್ಲಿ ಹಿಡಿಯಬೇಕಾದವರು ಕೆರೆಯ ದಂಡೆಯಲ್ಲಿ ವಾಸಿಸುವವರೇ ಅಲ್ಲವೆ?

ಇನ್ನು ವಾಚನಾಲಯದ ಕಥೆ. ನಮ್ಮ ಬಾಲ್ಯದ ಊರಿನ ವಾಚನಾಲಯಕ್ಕೆ ಸಂತೆಯ ದಿನ ವರ್ತಕರು ತಲೆಗೆ ನಾಲ್ಕಾಣೆಯಂತೆ ಹಾಕುತ್ತಿದ್ದರು. ಕೊಟ್ಟವನು ಮರುದಿನ ಬಂದು, ತನ್ನ ನಾಲ್ಕಾಣೆಗೆ ಯಾವ ಪತ್ರಿಕೆ ಬಂದಿತೆಂದು ಕೇಳುತ್ತಿದ್ದನು. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಶಾಸನವು ಈ ಚಂದಾವನ್ನು ಕರವನ್ನಾಗಿ ಮಾಡಿತು. ಮನೆ ಕಂದಾಯದ ಜೊತೆಗೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನು ಇಂದು ನಾವೆಲ್ಲರೂ ತೆರುತ್ತಿದ್ದೇವೆ. ತೆರುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ಹೀಗೆ ಕೂಡಿಸಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಮುಟ್ಟಿಸದೆ ಬಾಕಿ ಉಳಿಸಿಕೊಂಡ ಸಂಗತಿಗಳು ಪತ್ರಿಕೆಗಳಲ್ಲಿ ಪದೇ ಪದೇ ವರದಿಯಾಗಿವೆ. ನಾಲ್ಕಾಣೆಯ ಲೆಕ್ಕವನ್ನು ಕೇಳುತ್ತಿದ್ದ ಪೌರನು ನೂರಾರು ರೂಪಾಯಿಯ ಲೆಕ್ಕವನ್ನು ಕೇಳುವುದಿಲ್ಲ. ಕೊಟ್ಟ ಕೈಗೂ ಕೊಂಡ ಕೈಗೂ ನಡುವೆ ರಶೀದಿಯೊಂದು ಅಡ್ಡ ಬಂದಿದೆ. ಋಣವು ಅದರ ಹಿಂದೆ ಮರೆಯಾಗಿದೆ.

ಇದರ ಮೇಲೆ ವಲಸೆ. ೨೦೧೧ರ ಜನಗಣತಿಯಂತೆ ನಮ್ಮ ರಾಜ್ಯದ ಪಟ್ಟಣವಾಸಿಗಳು ಸುಮಾರು ೨ ಕೋಟಿ ೩೬ ಲಕ್ಷ. ಅವರಲ್ಲಿ ಸುಮಾರು ೮೫ ಲಕ್ಷ ಮಂದಿ ಬೆಂಗಳೂರೊಂದರಲ್ಲಿಯೇ ಇದ್ದರು. ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು! ಸಣ್ಣ ಊರು ಮಕ್ಕಳನ್ನು ಹೆತ್ತು, ಓದಿಸಿ, ಬಸ್ಸು ಹತ್ತಿಸಿ ಕಳುಹಿಸುವ ತವರುಮನೆಯಾಗಿದೆ. ದಸರೆ ದೀಪಾವಳಿಗಳಲ್ಲಿ ವಿಶೇಷ ಬಸ್ಸುಗಳನ್ನೇರಿ ಆ ಮಕ್ಕಳು ಬರುತ್ತಾರೆ. ಹೋಳಿಗೆ ಉಂಡು, ಊರು ಹಾಳಾಯಿತೆಂದು ಮರುಗಿ, ಮೂರನೆಯ ದಿನ ಹೊರಟುಹೋಗುತ್ತಾರೆ. ಮರುಕದಿಂದ ಕೆರೆಯು ತುಂಬುವುದಿಲ್ಲ.

ಆದುದರಿಂದ ವಾಚಕರ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಪುರಸಭೆಯವರು ನವರಾತ್ರಿಯ ಒಂದು ಸಂಜೆ ಊರಿನ ಬಯಲಿನಲ್ಲಿ ಸಭೆ ಸೇರಿಸಿ, ಆ ವರ್ಷ ಗ್ರಂಥಾಲಯ ಕರವೆಷ್ಟು ಬಂದಿತು, ಎಷ್ಟು ಸಂದಾಯವಾಯಿತು, ಕೆರೆಯ ವಿಸ್ತೀರ್ಣವು ದಾಖಲೆಯಲ್ಲೆಷ್ಟು, ನೆಲದ ಮೇಲೆಷ್ಟು ಎಂಬುದನ್ನು ಗಟ್ಟಿಯಾಗಿ ಓದಿಹೇಳಲಿ. ವಾರ್ಡು ಸಮಿತಿಗಳು ಇರಲೇಬೇಕೆಂದು ಸಂವಿಧಾನವು ಕಡ್ಡಾಯ ಮಾಡಿರುವುದು ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯುಳ್ಳ ನಗರಗಳಿಗೆ. ಸಣ್ಣ ಊರಿಗೆ ಆ ಬಲವಂತವಿಲ್ಲದಿದ್ದರೆ ಸಂಕಲ್ಪವು ಇರಲಿ. ಎರಡನೆಯದಾಗಿ, ರಜೆಗೆ ಬಂದ ಮಕ್ಕಳು ಒಂದು ಬೆಳಗ್ಗೆ ಕೆರೆಯ ಏರಿಗೆ ಹೋಗಿ ಕೈಯಲ್ಲಿ ಗುದ್ದಲಿ ಹಿಡಿಯಲಿ. ಒಂದು ಸಂಜೆ ತಮಗೆ ಅಕ್ಷರ ಕಲಿಸಿದವರ ಮನೆಗೆ ಹೋಗಿ ಬರಲಿ. ಮೂರನೆಯದಾಗಿ, ಬನ್ನಿಯಾಗಲಿ ಬಾಗಿನವಾಗಲಿ ಈ ವರ್ಷ ತಮ್ಮ ಬೀದಿಯನ್ನು ದಾಟಿ, ಇದುವರೆಗೆ ಹೋಗದಿದ್ದ ಕೇರಿಯ ಒಂದು ಮನೆಗಾದರೂ ಹೋಗಲಿ.

ಅಧಿಕಾರಿಗಳಿಗೂ ಒಂದು ಮಾತು. ವರ್ಗವಾಗಿ ಬಂದ ಊರು ತಮ್ಮದಲ್ಲವೆಂದು ತಿಳಿಯಬೇಡಿರಿ. ಅದರ ಕೆರೆಯ ನೀರನ್ನು ಕುಡಿದಷ್ಟು ದಿನ ಅದರ ಋಣವು ನಿಮಗೂ ಉಂಟು.

೧೯೫೬ರ ನವೆಂಬರು ಒಂದರಂದು ಕನ್ನಡಿಗರ ಸೀಮೆಗಳು ಒಂದು ರಾಜ್ಯವಾಗಿ ಕೂಡಿದವು. ೧೯೭೩ರ ಅದೇ ದಿನ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆ ದಿನವೂ ಪ್ರತಿವರ್ಷ ಈ ಋತುವಿನಲ್ಲಿಯೇ ಬರುತ್ತದೆ. ಅಂದು ರಾಜಧಾನಿಯಲ್ಲಿ ಧ್ವಜವು ಏರುವುದು ಸಂತೋಷವೇ ಸರಿ. ಆದರೆ ನಾಡೆಂಬುದು ರಾಜಧಾನಿಯಲ್ಲಿಲ್ಲ; ನೂರಾರು ಸಣ್ಣ ಊರುಗಳ ಕೆರೆ, ಶಾಲೆ, ವಾಚನಾಲಯಗಳಲ್ಲಿದೆ. ಅವುಗಳ ಬಾಕಿಯನ್ನು ತೀರಿಸಿದ ಮೇಲೆ ಹಚ್ಚಿದ ದೀಪವೇ ದೀಪಾವಳಿ.