ಬಳಪ ಬೇಡದ ಸ್ಲೇಟು

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಒಯ್ದ ಉದಾಹರಣೆಗಳು ಆಗ ಪ್ರಪಂಚದಲ್ಲೇ ವಿರಳವಾಗಿದ್ದುವು. ತಂತಿಗಳು ಎಷ್ಟೋ ಹಳ್ಳಿಗಳ ಹೊಲಗಳ ಮೇಲೆ ಹಾದುಹೋದುವು. ಆ ಹಳ್ಳಿಗಳ ಮನೆಗಳಲ್ಲಿ ದೀಪ ಹತ್ತಲು ಮಾತ್ರ ದಶಕಗಳೇ ಹಿಡಿದುವು. ಯಂತ್ರವು ಒಂದು ಸೀಮೆಗೆ ಬರುವುದು ಬೇರೆ, ಅಲ್ಲಿಯ ಜನಕ್ಕೆ ಒದಗುವುದು ಬೇರೆ. ಪ್ರೌಢಶಾಲೆಯ ತರಗತಿಗೆ ಟ್ಯಾಬ್ಲೆಟ್ ಗಣಕವನ್ನು ತರಬೇಕೆಂಬ ಮಾತು ಎದ್ದಾಗಲೆಲ್ಲ ನಮಗೆ ಈ ತಂತಿಗಳ ನೆನಪಾಗುತ್ತದೆ. ಕ್ಯಾಸಂಬಳ್ಳಿ ಹೋಬಳಿಯು ಆ ಗಣಿಗಳ ನೆರೆಯದು. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ, ಈಗ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿದುದು. ಅಲ್ಲಿಯ ಒಂಬತ್ತನೆಯ ತರಗತಿಯ ಕೊಠಡಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡೋಣ.

ಕೈಯಲ್ಲಿ ಹಿಡಿಯಬಹುದಾದ ಅಗ್ಗದ ಗಣಕದ ಕಲ್ಪನೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಎನ್‌ಕೋರ್ ಎಂಬ ಕಂಪೆನಿಯೊಡನೆ ಸೇರಿ ‘ಸಿಂಪ್ಯೂಟರ್’ ಎಂಬ ಯಂತ್ರವನ್ನು ರೂಪಿಸಿ 2001ರಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು. ಅದರಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದ ಅಂಶವೊಂದುಂಟು. ಒಬ್ಬೊಬ್ಬನಿಗೂ ಒಂದೊಂದು ಯಂತ್ರ ಬೇಕೆಂದು ಅವರು ಎಣಿಸಲಿಲ್ಲ. ಪ್ರತಿಯೊಬ್ಬನ ಬಳಿ ಒಂದು ಚಿಕ್ಕ ಕಾರ್ಡಿದ್ದರೆ, ಊರಿಗೆಲ್ಲ ಒಂದೇ ಯಂತ್ರವಿದ್ದರೂ ಅವರವರ ಬರಹ ಅವರವರಿಗೆ ದೊರಕುವಂತೆ ಏರ್ಪಡಿಸಿದ್ದರು. ಸಿಂಪ್ಯೂಟರ್ ಹೆಚ್ಚು ಮಾರಾಟವಾಗದೆ ಮರೆಗೆ ಸರಿಯಿತು. ಹಂಚಿಕೊಂಡು ಬಳಸುವ ಆ ಆಲೋಚನೆಯೂ ಅದರೊಡನೆಯೇ ಮರೆತುಹೋದುದು ದುರದೃಷ್ಟ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ‘ಆಕಾಶ್’ ಟ್ಯಾಬ್ಲೆಟ್ಟನ್ನು ಹೊರತಂದಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರವು ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಿತು. 2022ರ ಡಿಸೆಂಬರಿನಲ್ಲಿ, ಕ್ಯಾಸಂಬಳ್ಳಿಯ ಮಗ್ಗುಲಿಗೇ ಇರುವ ಆಂಧ್ರಪ್ರದೇಶದಲ್ಲಿ, ಎಂಟನೆಯ ತರಗತಿಯ ಸುಮಾರು 5 ಲಕ್ಷ ವಿದ್ಯಾರ್ಥಿಗಳಿಗೆ ಅವು ಬಂದುವು. ಗಡಿಯ ಆಚೆಯ ಹುಡುಗನ ಚೀಲದಲ್ಲಿ ಟ್ಯಾಬು, ಈಚೆಯ ಹುಡುಗನ ಚೀಲದಲ್ಲಿ ಬರಿಯ ಪುಸ್ತಕ!

ಮೊದಲು ಈ ಸ್ಲೇಟು ಬೆರಳನ್ನು ಹೇಗೆ ಗುರುತಿಸುತ್ತದೆಂಬುದನ್ನು ನೋಡೋಣ. ಮೊದಲ ಆಕಾಶ್‌ನಲ್ಲಿದ್ದುದು ರೋಧವನ್ನು ಅವಲಂಬಿಸಿದ ಪರದೆ. ಅದರಲ್ಲಿ ವಿದ್ಯುದ್ವಾಹಕ ಲೇಪವುಳ್ಳ ಎರಡು ಪಾರದರ್ಶಕ ಹಾಳೆಗಳು ಸ್ವಲ್ಪ ಅಂತರದಲ್ಲಿ ಇರುತ್ತವೆ. ಬೆರಳಿನಿಂದ ಒತ್ತಿದಾಗ ಅವು ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದ ಜಾಗದಲ್ಲಿ ವೋಲ್ಟೇಜು ಎಷ್ಟೆಂಬುದನ್ನು ಅಳೆದು ಸ್ಥಾನವನ್ನು ಕಂಡುಹಿಡಿಯುತ್ತಾರೆ. ಇಂದಿನ ಪರದೆಗಳಲ್ಲಿ ಒತ್ತುವ ಅಗತ್ಯವಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕ ಗೆರೆಗಳು ಅಡ್ಡಲಾಗಿಯೂ ಉದ್ದಲಾಗಿಯೂ ಹರಡಿವೆ. ಎರಡು ಗೆರೆಗಳು ಒಂದನ್ನೊಂದು ಹಾಯುವ ಪ್ರತಿಯೊಂದು ಕಡೆಯಲ್ಲೂ ಒಂದು ಪುಟ್ಟ ವಿದ್ಯುದ್ಧಾರಕವಿದೆ ಎನ್ನಬಹುದು. ನಮ್ಮ ಬೆರಳು ಉಪ್ಪುನೀರಿನಿಂದ ತುಂಬಿದ ವಾಹಕವಷ್ಟೆ. ಅದು ಹತ್ತಿರ ಬಂದೊಡನೆ ಅಲ್ಲಿಯ ವಿದ್ಯುತ್‌ಕ್ಷೇತ್ರದ ಸ್ವಲ್ಪ ಭಾಗವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ; ಧಾರಕತೆ ಬದಲಾಗುತ್ತದೆ. ಯಂತ್ರವು ಈ ಜಾಲವನ್ನೆಲ್ಲ ಸೆಕೆಂಡಿಗೆ ಹತ್ತಾರು ಸಲ ಪರೀಕ್ಷಿಸುತ್ತ, ಬದಲಾವಣೆ ಎಲ್ಲಿ ಆಯಿತೆಂಬುದನ್ನು ಲೆಕ್ಕಹಾಕುತ್ತಿರುತ್ತದೆ. ಆದುದರಿಂದಲೇ ಒಣ ಬಳಪದಿಂದ ಈ ಸ್ಲೇಟಿನ ಮೇಲೆ ಬರೆಯಲಾಗದು. ಬಿಸಿಯೂಟ ಮುಗಿಸಿ ಕೈತೊಳೆದು ಬಂದ ಮಕ್ಕಳು ಒದ್ದೆ ಬೆರಳಿನಿಂದ ಮುಟ್ಟಿದರೆ ಅದು ಅಡ್ಡಾದಿಡ್ಡಿಯಾಗಿ ವರ್ತಿಸುವುದೂ ಇದರಿಂದಲೇ. ಗಾಜಿನ ಮೇಲೆ ನಿಂತ ನೀರಿನ ಹನಿಯೂ ಅದಕ್ಕೆ ಬೆರಳಾಗಿ ತೋರುತ್ತದೆ.

ಇದೇ ಧಾರಕತೆಯ ತತ್ತ್ವ ಯಂತ್ರದೊಳಗೆ ಇನ್ನೊಂದು ಕಡೆಯಲ್ಲಿಯೂ ಅಡಗಿದೆ. ಟ್ಯಾಬ್ಲೆಟ್ಟನ್ನು ಅಡ್ಡಲಾಗಿ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಅದಕ್ಕೆ ಕಾರಣ ವೇಗೋತ್ಕರ್ಷ ಮಾಪಕ. ಸಿಲಿಕಾನಿನಲ್ಲಿ ಕೊರೆದ ಒಂದು ಸೂಕ್ಷ್ಮ ದ್ರವ್ಯರಾಶಿಯು ಸಿಲಿಕಾನಿನದೇ ಸ್ಪ್ರಿಂಗುಗಳಿಂದ ತೂಗಿದೆ. ಅದು ತುಸು ಸರಿದರೂ ಪಕ್ಕದ ಫಲಕಗಳೊಡನೆ ಅದರ ಧಾರಕತೆ ಬದಲಾಗುತ್ತದೆ. ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಟ್ಯಾಬ್ಲೆಟ್ಟಿನಲ್ಲಿ ಇದಕ್ಕಿಂತ ಪ್ರಿಯವಾದ ಭಾಗ ಮತ್ತೊಂದಿಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿದ ‘ಫೈಫಾಕ್ಸ್’ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿದರೆ, ಈ ಮಾಪಕದ ಎಣಿಕೆಗಳನ್ನು ಪರದೆಯ ಮೇಲೆಯೇ ಓದಬಹುದು. ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರೆ ಅದು ಸೊನ್ನೆಯನ್ನು ತೋರಿಸಬೇಕಲ್ಲವೆ? ತೋರಿಸುವುದು ಸುಮಾರು 9.8! ಅದನ್ನು ಒಂದು ಮೀಟರು ಎತ್ತರದಿಂದ ದಪ್ಪ ಹಾಸಿಗೆಯ ಮೇಲೆ ಬೀಳಲು ಬಿಟ್ಟರೆ, ಬೀಳುತ್ತಿರುವಷ್ಟು ಹೊತ್ತೂ ಸೊನ್ನೆಯ ಸಮೀಪವನ್ನು ತೋರಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಕಂಡಾಗ ಯಂತ್ರ ಕೆಟ್ಟಿದೆಯೆಂದು ಕೂಗುವುದನ್ನು ನಾವು ಕೇಳಿದ್ದೇವೆ. ಯಂತ್ರ ಕೆಟ್ಟಿಲ್ಲ. ಮೇಜು ತನ್ನನ್ನು ಎತ್ತಿಹಿಡಿದಿರುವುದರಿಂದ ಅದರ ಸ್ಪ್ರಿಂಗು ಭಾರಕ್ಕೆ ಬಾಗಿದೆ. ಬೀಳುವಾಗಲಾದರೋ ದ್ರವ್ಯರಾಶಿಯೂ ಚೌಕಟ್ಟೂ ಒಟ್ಟಿಗೇ ಬೀಳುವುದರಿಂದ ಬಾಗಲು ಕಾರಣವೇ ಇಲ್ಲ. ಬಾಹ್ಯಾಕಾಶ ಯಾತ್ರಿಯು ತೂಕವಿಲ್ಲದೆ ತೇಲುವುದೇಕೆಂಬ ಪ್ರಶ್ನೆಗೆ ಉತ್ತರ ಆ ಹಾಸಿಗೆಯ ಮೇಲೆಯೇ ಬಿದ್ದಿರುತ್ತದೆ. ಒಂದು ಮೀಟರು ಬೀಳಲು ಬೇಕಾದ ಕಾಲ 0.45 ಸೆಕೆಂಡು. ಮಾಪಕವು ಸೆಕೆಂಡಿಗೆ ನೂರು ಸಲ ಎಣಿಸುವುದಾದರೆ ಅಷ್ಟರಲ್ಲಿ 45 ಎಣಿಕೆಗಳು ಸಿಗುತ್ತವೆ. ಒಂದು ಎಣಿಕೆ ಹೆಚ್ಚುಕಡಮೆಯಾದರೂ ಕಾಲದಲ್ಲಿ ತಪ್ಪು ಶೇಕಡ 2; ಕಾಲದ ವರ್ಗವನ್ನು ಬಳಸುವುದರಿಂದ ಗುರುತ್ವ ವೇಗೋತ್ಕರ್ಷದಲ್ಲಿ ಶೇಕಡ 4ರಷ್ಟು. ಹಳ್ಳಿಯ ಶಾಲೆಯ ಪ್ರಯೋಗಕ್ಕೆ ಇದೇನು ಕೆಟ್ಟ ಫಲವಲ್ಲ.

ಆದರೆ ಯಂತ್ರವನ್ನು ಹೀಗೆ ಬಳಸುವವರು ಕೆಲವರೇ. ಸಾಮಾನ್ಯವಾಗಿ ಅದರಲ್ಲಿ ನಡೆಯುವುದು ಪಾಠದ ಚಿತ್ರಗಳ ಪ್ರದರ್ಶನ. ಅದರಿಂದ ಕಲಿಕೆ ಹೆಚ್ಚುತ್ತದೆಯೆ? ಪೆರು ದೇಶದಲ್ಲಿ 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮಕ್ಕಳಿಗೆಲ್ಲ ಲ್ಯಾಪ್‌ಟಾಪುಗಳನ್ನು ಕೊಟ್ಟು 15 ತಿಂಗಳು ಕಳೆದ ಮೇಲೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅವರ ಅಂಕಗಳು ಏರಿರಲಿಲ್ಲ. ದೆಹಲಿಯಲ್ಲಿ ನಡೆದ ಮತ್ತೊಂದು ಪರೀಕ್ಷೆಯ ಕಥೆ ಬೇರೆ. ಅಲ್ಲಿ ಶಾಲೆ ಮುಗಿದ ಮೇಲೆ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶದ ಮುಂದೆ ಕುಳಿತ ಪ್ರೌಢ ಹಾಗೂ ಮಾಧ್ಯಮಿಕ ತರಗತಿಗಳ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಸ್ಪಷ್ಟವಾದ ಪ್ರಗತಿ ತೋರಿದರು. ಅದರ ವಿವರ 2019ರಲ್ಲಿ ಅಚ್ಚಾಯಿತು. ವ್ಯತ್ಯಾಸವೇನು? ಪೆರುವಿನಲ್ಲಿ ಯಂತ್ರವನ್ನು ಕೊಟ್ಟು ಸುಮ್ಮನಾದರು. ದೆಹಲಿಯ ತಂತ್ರಾಂಶವಾದರೋ ಪ್ರತಿಯೊಬ್ಬ ವಿದ್ಯಾರ್ಥಿಯು ನಿಜವಾಗಿ ಎಲ್ಲಿ ನಿಂತಿದ್ದಾನೆಂದು ಮೊದಲು ತಿಳಿದುಕೊಂಡು, ಅಲ್ಲಿಂದ ಮುಂದಕ್ಕೆ ಪ್ರಶ್ನೆಗಳನ್ನು ಕೊಡುತ್ತಿತ್ತು. ಜೊತೆಗೆ ಚಿಕ್ಕ ಗುಂಪುಗಳಿಗೆ ಪಾಠ ಹೇಳುವ ಬೋಧಕರೂ ಇದ್ದರು. ಒಂಬತ್ತನೆಯ ತರಗತಿಯಲ್ಲಿ ಕುಳಿತು ಐದನೆಯ ತರಗತಿಯ ಭಿನ್ನರಾಶಿಗಳಲ್ಲೇ ಎಡವುವ ಹುಡುಗನಿಗೆ ಒಂಬತ್ತನೆಯ ತರಗತಿಯ ಪಾಠವನ್ನು ಎಷ್ಟು ಬಣ್ಣದಲ್ಲಿ ತೋರಿಸಿದರೇನು?

ಇನ್ನೊಂದು ಎಚ್ಚರಿಕೆ ಆಂಧ್ರದಿಂದಲೇ ದೊರೆಯುತ್ತದೆ. ಅಲ್ಲಿಯ ಟ್ಯಾಬ್ಲೆಟ್ಟುಗಳಿಗೆ ಪಾಠಗಳನ್ನು ಒದಗಿಸಿದುದು ಬೆಂಗಳೂರಿನ ಬೈಜೂಸ್ ಕಂಪೆನಿ. ಆ ಕಂಪೆನಿಯೇ 2024ರ ಜುಲೈಯಲ್ಲಿ ದಿವಾಳಿತನದ ವಿಚಾರಣೆಗೆ ಒಳಗಾಯಿತು. ಪಠ್ಯಪುಸ್ತಕವನ್ನು ಮುದ್ರಿಸಿದ ಅಚ್ಚುಕೂಟ ಮುಚ್ಚಿದರೆ ಪುಸ್ತಕವೇನೂ ಅಳಿಸಿಹೋಗುವುದಿಲ್ಲ. ಟ್ಯಾಬ್ಲೆಟ್ಟಿನ ಪಾಠಕ್ಕೂ ಅಂಥ ಭದ್ರತೆ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಹಳ್ಳಿಯಲ್ಲಿ ವಿದ್ಯುತ್ತು ಸಾಲದು, ಆದುದರಿಂದ ಇದೆಲ್ಲ ನಡೆಯದು ಎನ್ನುವವರಿದ್ದಾರೆ. ಲೆಕ್ಕಮಾಡಿ ನೋಡೋಣ. ಒಂದು ಟ್ಯಾಬ್ಲೆಟ್ಟಿನ ಬ್ಯಾಟರಿ 5,000 ಮಿಲಿಆಂಪಿಯರ್-ಗಂಟೆ, 3.7 ವೋಲ್ಟು, ಎಂದರೆ 18.5 ವಾಟ್-ಗಂಟೆ. ನಲವತ್ತಕ್ಕೆ 740. ಶಾಖವಾಗಿ ಸೋರಿಹೋಗುವುದನ್ನು ಸೇರಿಸಿದರೂ ಒಂದು ಯೂನಿಟ್ಟಿಗೆ ಮೀರದು. ಕೋಲಾರ ಜಿಲ್ಲೆಯ ಕೊಳವೆ ಬಾವಿಯೊಂದರ ಹತ್ತು ಅಶ್ವಶಕ್ತಿಯ ಪಂಪು ಎಂಟೇ ನಿಮಿಷದಲ್ಲಿ ಅಷ್ಟನ್ನು ನುಂಗುತ್ತದೆ! ನಲವತ್ತು ಚಾರ್ಜರುಗಳು ತಲಾ 10 ವಾಟಿನಂತೆ ಒಟ್ಟಿಗೆ ಎಳೆದರೂ ಪ್ರವಾಹ 1.7 ಆಂಪಿಯರು, ಒಂದು ಒಳ್ಳೆಯ ಸಾಕೆಟ್ಟು ಅದನ್ನು ತಡೆದುಕೊಳ್ಳುತ್ತದೆ. ತೊಡಕು ಇರುವುದು ಇಂಟರ್‌ನೆಟ್ಟಿನಲ್ಲಿ. ನಲವತ್ತು ಮಂದಿ ಒಮ್ಮೆಗೇ ಚಲಚ್ಚಿತ್ರ ನೋಡಹೊರಟರೆ ಸೆಕೆಂಡಿಗೆ 40 ಮೆಗಾಬಿಟ್ಟುಗಳಾದರೂ ಬೇಕು. ಪಾಠಗಳನ್ನೆಲ್ಲ ತುಂಬಿದ ಒಂದು ಪುಟ್ಟ ಗಣಕವನ್ನು ಶಾಲೆಯ ಬೀರುವಿನಲ್ಲೇ ಇಟ್ಟು, ಅಲ್ಲಿಂದ ನಿಸ್ತಂತುವಾಗಿ ಹಂಚಿದರೆ ಆ ತೊಡಕೂ ಬಗೆಹರಿಯುತ್ತದೆ. ಬಿಸಿಲನ್ನು ಮಾತ್ರ ಯಾರೂ ಗೆಲ್ಲಲಾರರು: ಬಯಲಿನಲ್ಲಿ ಬಿಳಿಯ ಕಾಗದವು ಟ್ಯಾಬ್ಲೆಟ್ಟಿನ ಪರದೆಗಿಂತ ಹತ್ತಾರು ಪಾಲು ಪ್ರಕಾಶಮಾನವಾಗಿರುವುದರಿಂದ, ಹೊಂಗೆ ಮರದಡಿಯ ಪಾಠಕ್ಕೆ ಪುಸ್ತಕವೇ ಲೇಸು.

ಹೀಗಿರಲು ತರಗತಿಯೊಂದಕ್ಕೆ ನಲವತ್ತು ಟ್ಯಾಬ್ಲೆಟ್ಟುಗಳೇಕೆ? ನಾಲ್ವರಿಗೊಂದರಂತೆ ಹತ್ತು ಸಾಕೆಂಬುದು ನಮ್ಮ ಅಭಿಪ್ರಾಯ. ಒಬ್ಬ ಬೀಳಿಸಲಿ, ಒಬ್ಬಳು ಎಣಿಕೆ ಓದಲಿ, ಒಬ್ಬ ಬರೆದುಕೊಳ್ಳಲಿ, ನಾಲ್ಕನೆಯವಳು ತಕರಾರು ತೆಗೆಯಲಿ. ಉಳಿದ ಹಣದಲ್ಲಿ ಒಂದು ತ್ರಾಸು, ಕೆಲವು ಮಸೂರಗಳು, ಪ್ರಯೋಗಶಾಲೆಗೆ ಒಂದು ಬೀಗ ಬರಬಹುದು.

ಕ್ಯಾಸಂಬಳ್ಳಿಯ ಕಡೆಗೆ ವಿಶೇಷವಾಗಿ ಒದಗಬಹುದಾದ ಒಂದು ಉಪಯೋಗವನ್ನು ಕಡೆಯಲ್ಲಿ ಹೇಳಬೇಕು. ಆ ಸೀಮೆಯ ಅನೇಕ ಮಕ್ಕಳ ಮನೆಮಾತು ತೆಲುಗು, ಗಣಿಯ ಕಡೆಯವರದು ತಮಿಳು, ಪುಸ್ತಕ ಕನ್ನಡ. ‘ಸಂವೇಗ’ಕ್ಕೂ ‘ವೇಗೋತ್ಕರ್ಷ’ಕ್ಕೂ ಇರುವ ಭೇದವನ್ನು ಎರಡನೆಯ ನುಡಿಯಲ್ಲಿ ಮೊದಲ ಸಲ ಕೇಳುವ ಹುಡುಗಿಯ ಕಷ್ಟವನ್ನು ಊಹಿಸಿಕೊಳ್ಳಿ. ಪರದೆಯ ಮೇಲೆ ಕನ್ನಡದ ಪಾಠವನ್ನಿಟ್ಟು, ಬೇಕೆಂದಾಗ ಅದರ ವಿವರಣೆಯನ್ನು ತೆಲುಗಿನಲ್ಲಿಯೋ ತಮಿಳಿನಲ್ಲಿಯೋ ಕಿವಿಗೆ ಕೇಳಿಸಬಹುದು. ಅದಕ್ಕೆ ದೊಡ್ಡ ಕಂಪೆನಿ ಬೇಕಿಲ್ಲ. ಎರಡೂ ನುಡಿ ಬಲ್ಲ ಅಧ್ಯಾಪಕರು ಆ ಕಡೆಯಲ್ಲಿ ಅಪರೂಪವಲ್ಲ, ಧ್ವನಿಮುದ್ರಣ ಆ ಟ್ಯಾಬ್ಲೆಟ್ಟಿನಲ್ಲೇ ಆಗುತ್ತದೆ. ಯೂನಿಕೋಡ್ ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು ಹಿಡಿದರೂ, ಇನ್ನೂರು ಪುಟದ ಪಠ್ಯದ ಅಕ್ಷರಗಳೆಲ್ಲ ಸೇರಿ ಒಂದು ಮೆಗಾಬೈಟು ಆಗದು. ಹತ್ತು ನಿಮಿಷದ ಮಾತನ್ನು ಸಾಧಾರಣ ಗುಣಮಟ್ಟದಲ್ಲಿ ಮುದ್ರಿಸಿದರೆ ಎರಡೂವರೆ ಮೆಗಾಬೈಟಿನೊಳಗೆ ಅಡಗುತ್ತದೆ. ವರ್ಷದ ನೂರು ಪಾಠಗಳನ್ನು ಎರಡು ನುಡಿಗಳಲ್ಲಿ ಹೇಳಿಟ್ಟರೂ 500 ಮೆಗಾಬೈಟು. ಟ್ಯಾಬ್ಲೆಟ್ಟಿನ ನೆನಪು 32 ಗಿಗಾಬೈಟಿನದಾದರೆ, ಇದು ಅದರ ಅರವತ್ತನೆಯ ಒಂದು ಪಾಲಿನಷ್ಟೆ.