ಕೆರೆಯಂಚಿನ ಸಸ್ಯಗಳ ಪರಿಚಯ

ಸಮುದ್ರತೀರದಲ್ಲಿ ದಿನಕ್ಕೆ ಎರಡಾವರ್ತಿ ನೀರು ಇಳಿಯುವುದು. ಆ ಸಮಯದಲ್ಲಿ ಬಲ್ಲವರೊಡನೆ ನಡೆದು ಬಂಡೆಗಳ ಮೇಲಣ ಪಾಚಿಗಳನ್ನು ಗುರುತಿಸುವುದು ಕಾರವಾರದಂತಹ ಸ್ಥಳಗಳಲ್ಲಿ ಸಾಧ್ಯ. ಮೈದಾನಸೀಮೆಯವರಿಗೆ ಅಂತಹ ಪಾಠಶಾಲೆಯೆಂದರೆ ಕೆರೆಯ ಅಂಚು. ಮಳೆಯನ್ನೇ ನಂಬಿದ ಕೆರೆಯ ನೀರು ಬೇಸಗೆಯಲ್ಲಿ ಇಳಿಯುವುದು. ಊರಿನ ಕೊಳಚೆ ನೀರು ಸೇರುವ ಕೆರೆಯಾದರೋ ವರ್ಷವೆಲ್ಲವೂ ತುಂಬಿರುವುದು. ಇವೆರಡರ ಅಂಚಿನಲ್ಲಿಯೂ ಗಿಡಗಳು ಹಸುರಾಗಿಯೇ ಕಾಣುವುವು. ಆದರೆ ಅವುಗಳ ಗುಣ ಒಂದೇ ಅಲ್ಲ.

ಯಲಹಂಕದ ಸಮೀಪದಲ್ಲಿರುವ ಜಕ್ಕೂರು ಕೆರೆಯ ವಿಸ್ತೀರ್ಣ ಸುಮಾರು 160 ಎಕರೆ. ದಿನವೊಂದಕ್ಕೆ 1 ಕೋಟಿ ಲೀಟರ್ ಕೊಳಚೆಯನ್ನು ಶುದ್ಧಿಮಾಡಲು ಇಲ್ಲಿ ಸ್ಥಾಪಿಸಿದ ಸ್ಥಾವರದಿಂದ ಹೊರಡುವ ನೀರು ನೇರವಾಗಿ ಕೆರೆಗೆ ಬೀಳದೆ, ಗಿಡಗಳು ತುಂಬಿದ ಜೌಗುಭೂಮಿಯನ್ನು ಹಾದು ಬರುವುದು. ಆಪು ಮೊದಲಾದ ಜೌಗುಗಿಡಗಳು ನೀರಿನಲ್ಲಿ ಉಳಿದಿರುವ ಸಾರಜನಕವನ್ನೂ ರಂಜಕವನ್ನೂ ಹೀರಿಕೊಳ್ಳುವುವು. ಇವನ್ನು ಕಾಲಕಾಲಕ್ಕೆ ಕೊಯ್ದು ಹೊರಕ್ಕೆ ಸಾಗಿಸತಕ್ಕದ್ದು. ಇಲ್ಲವಾದರೆ ಅವು ಅಲ್ಲಿಯೇ ಕೊಳೆತು, ಹೀರಿದುದನ್ನೆಲ್ಲಾ ನೀರಿಗೇ ಹಿಂದಿರುಗಿಸುವುವು.

ಇಂತಹ ಅಂಚುಗಳಲ್ಲಿ ನಡೆಯುವವರು ಮುಖ್ಯವಾಗಿ ಎರಡು ಗಿಡಗಳ ಭೇದವನ್ನು ತಿಳಿಯಬೇಕು. ಮೊದಲನೆಯದು ನಮ್ಮ ಅಡಿಗೆಗೆ ಪರಿಚಿತವಾದ ಹೊನಗೊನ್ನೆ. ಇದರ ಬಿಳಿಯ ಹೂಗೊಂಚಲುಗಳು ತೊಟ್ಟಿಲ್ಲದೆ ಎಲೆಯ ಕಂಕುಳಿಗೆ ಅಂಟಿಕೊಂಡಿರುವುವು. ಎರಡನೆಯದು ದಕ್ಷಿಣ ಅಮೆರಿಕದಿಂದ ಬಂದ ಅದರ ದಾಯಾದಿ. ಇದರ ಹೂಗೊಂಚಲು ಉದ್ದವಾದ ತೊಟ್ಟಿನ ತುದಿಯಲ್ಲಿರುವುದು. ಬಲಿತ ಕಾಂಡವನ್ನು ಮುರಿದರೆ ಒಳಗೆ ಟೊಳ್ಳು. ಇದು ನೀರಿನ ಮೇಲೆ ಚಾಪೆಯಂತೆ ಹಬ್ಬಿ ಕೆರೆಯನ್ನು ಮುಚ್ಚುವುದು.

ಹೊನಗೊನ್ನೆಯೆಂಬುದು ನಿಶ್ಚಯವಾದರೂ ಕೊಳಚೆ ಸೇರುವ ಕೆರೆಯಂಚಿನಿಂದ ಅದನ್ನು ಕೊಯ್ದು ತಿನ್ನಬಾರದು. ನೀರನ್ನು ತಿಳಿಗೊಳಿಸುವ ಗುಣವೇ ಇಲ್ಲಿ ಸೊಪ್ಪಿಗೆ ದೋಷವಾಗುವುದು. ಕಾರ್ಖಾನೆಯ ನೀರು ಬೆರೆತಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳು ಬೇರಿನ ಮೂಲಕ ಎಲೆಗೆ ಏರುವುವು. ಎಲೆಯ ಬಣ್ಣದಿಂದ ಇದು ತಿಳಿಯದು. ಬೇಯಿಸಿದರೂ ಲೋಹವು ನಾಶವಾಗದು. ಇಂತಹ ಕಡೆ ಕೊಯ್ದ ಗಿಡಗಳ ಗೊಬ್ಬರವನ್ನು ಪರೀಕ್ಷೆಯಿಲ್ಲದೆ ತರಕಾರಿ ಮಡಿಗಳಿಗೆ ಹಾಕುವುದೂ ಯುಕ್ತವಲ್ಲ.

ಸೊಪ್ಪಿನ ಆಸೆಯುಳ್ಳವರು ಶುದ್ಧವಾದ ಸ್ಥಳದಿಂದ ಹೊನಗೊನ್ನೆಯ ನಾಲ್ಕು ಕಡ್ಡಿಗಳನ್ನು ತಂದು ಬಾವಿಯ ಬಳಿಯಲ್ಲಿಯೋ ಕುಂಡದಲ್ಲಿಯೋ ನೆಡಬಹುದು. ತೇವವಿದ್ದರೆ ಗೆಣ್ಣುಗೆಣ್ಣಿನಲ್ಲಿಯೂ ಬೇರು ಬಿಟ್ಟು, ಕೊಯ್ದಷ್ಟೂ ಚಿಗುರುವುದು. ಕೆರೆಯ ಗಿಡವು ಕೆರೆಯ ಕೆಲಸಕ್ಕಿರಲಿ. ಅಡಿಗೆಯ ಸೊಪ್ಪು ಹಿತ್ತಿಲಿನಿಂದಲೇ ಬರಲಿ.